ಒಸಾಕಾದ ಮೀನು, ಓಕಿನಾವಾದ ಮೀನು, ಕ್ಯೋಟೋದ ಕಲ್ಲು

ಜಪಾನಿಗೆ ಹೋಗಿ ಬಂದ ನನ್ನ ಪರಿಚಯದವರಲ್ಲಿ ಮತ್ಸ್ಯಾಲಯದ ವಿಷಯಕ್ಕೆ ಎರಡು ಪಂಗಡಗಳಿವೆ. ಒಸಾಕಾದ ಕೈಯುಕಾನ್ ನೋಡಿದವರು ಅದಾದ ಮೇಲೆ ಬೇರೊಂದು ನೋಡುವುದೇ ಬೇಡ ಎನ್ನುತ್ತಾರೆ. ಓಕಿನಾವಾದ ಚುರಾಉಮಿ ನೋಡಿದವರು ಒಸಾಕಾದ್ದು ಅದರ ಮುಂದೆ ಬಚ್ಚಲ ಹಂಡೆ ಎನ್ನುತ್ತಾರೆ. ಎರಡನ್ನೂ ನೋಡಿದವರು ಒಬ್ಬರೂ ಸಿಗಲಿಲ್ಲ. ಹಾಗಾಗಿ ಮಾರ್ಚ್ ತಿಂಗಳ ಹನ್ನೆರಡು ದಿನಗಳ ಪ್ರವಾಸದಲ್ಲಿ ಎರಡನ್ನೂ ತುರುಕಿದೆ. ಜೊತೆಗೆ ಎಪ್ಪತ್ತರ ಹೊಸ್ತಿಲಲ್ಲಿರುವ ಆಯಿ, ಒಂಬತ್ತು ವರ್ಷದ ಮಗಳು. ಆಯಿ ಕುಮಟಾದವಳು, ಮೀನಿನ ವಿಷಯದಲ್ಲಿ ಅವಳ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಎರಡು ಕಡೆಯೂ ಜನ ಹೋಗುವುದು ತಿಮಿಂಗಿಲ ಶಾರ್ಕ್ ನೋಡಲು. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಅದು ಮೀನೇ, ಜಗತ್ತಿನ ಅತಿ ದೊಡ್ಡ ಮೀನು. ಅಷ್ಟು ದೊಡ್ಡ ದೇಹ ಹೊತ್ತುಕೊಂಡು ತಿನ್ನುವುದು ಮಾತ್ರ ಸಿಗಡಿಯಂಥ ಕಿರುಜೀವಿಗಳನ್ನು. ಒಂದೇ ಜಾತಿಯ ಮೀನನ್ನು ಎರಡು ಊರುಗಳಲ್ಲಿ ನೋಡಿದ್ದರಿಂದ ಹೋಲಿಸುವುದು ಸುಲಭವಾಯಿತು.

ಮೊದಲು ಒಸಾಕಾ. ಕೈಯುಕಾನ್ 1990ರಲ್ಲಿ ತೆರೆದದ್ದು. ಊರಿನ ನಡುವಿನಿಂದ ಚುಓ ಮಾರ್ಗದ ಮೆಟ್ರೋ ಹಿಡಿದು ಒಸಾಕಾಕೋ ನಿಲ್ದಾಣದಲ್ಲಿ ಇಳಿದರೆ ಐದಾರು ನಿಮಿಷಗಳ ನಡಿಗೆ. ಟಿಕೆಟ್ ದರ ದಿನಕ್ಕೊಂದು ರೀತಿ. ಜನ ಹೆಚ್ಚಿರುವ ದಿನ ದರವೂ ಹೆಚ್ಚು. ನಾವು ಹೋದಾಗ ದೊಡ್ಡವರಿಗೆ ಮೂರು ಸಾವಿರ ಯೆನ್‌ಗಳ ಆಸುಪಾಸು ಇತ್ತು. ಒಳಗೆ ಹೋದ ಕೂಡಲೇ ಉದ್ದನೆಯ ಎಸ್ಕಲೇಟರ್ ನಮ್ಮನ್ನು ಎಂಟನೆಯ ಮಹಡಿಗೆ ಒಯ್ದು ಬಿಡುತ್ತದೆ. ಅಲ್ಲಿಂದ ಕೆಳಗಿಳಿಯುವುದೆಲ್ಲ ಇಳಿಜಾರಿನಲ್ಲಿ, ನಡುವಿನ ದೊಡ್ಡ ತೊಟ್ಟಿಯನ್ನು ಸುತ್ತು ಹಾಕುತ್ತ. ಮೇಲೆ ನೀರುನಾಯಿ ಆಡುವ ಜಪಾನಿನ ಕಾಡು, ಕೆಳಗಿಳಿದಂತೆ ಕ್ಯಾಲಿಫೋರ್ನಿಯಾದ ಮೊಂಟರೇ ಕೊಲ್ಲಿ, ಪನಾಮಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾದ ಹವಳದ ದಂಡೆ. ಶಾಂತಸಾಗರದ ಅಂಚಿಗೆ ಒಂದು ಪ್ರದಕ್ಷಿಣೆ ಹಾಕಿದ ಹಾಗೆ. ಮೆಟ್ಟಿಲಿಲ್ಲದ್ದರಿಂದ ಆಯಿಯ ಮೊಣಕಾಲು ತಕರಾರು ಮಾಡಲಿಲ್ಲ.

ನಡುವಿನ ತೊಟ್ಟಿ ಒಂಬತ್ತು ಮೀಟರ್ ಆಳ, 5,400 ಟನ್ ನೀರು. ಅದೇ ತೊಟ್ಟಿಯನ್ನು ಒಂದೊಂದು ಮಹಡಿಯಿಂದ ಒಂದೊಂದು ಆಳದಲ್ಲಿ ನೋಡುತ್ತ ಇಳಿಯುವುದು ಕೈಯುಕಾನಿನ ಜಾಣತನ. ಮೊದಲು ಆ ಶಾರ್ಕಿನ ಬೆನ್ನು ಕಾಣಿಸಿತು: ಬೂದು ಬಣ್ಣದ ಮೇಲೆ ಬಿಳಿ ಚುಕ್ಕಿಗಳು, ಯಾರೋ ಅಂಗಳಕ್ಕೆ ರಂಗೋಲಿಯ ಚುಕ್ಕಿ ಇಟ್ಟು ಎಳೆ ಎಳೆಯುವುದನ್ನು ಮರೆತಂತೆ. ಒಂದು ಮಹಡಿ ಇಳಿದಾಗ ಅದು ನಮ್ಮ ಕಣ್ಣಿನ ಮಟ್ಟಕ್ಕೆ ಬಂತು. ಇನ್ನೊಂದು ಮಹಡಿ ಇಳಿದಾಗ ತಲೆಯ ಮೇಲೆ ಬಿಳಿಯ ಹೊಟ್ಟೆ. ಮಗಳು ಪ್ರತಿ ಕಿಟಕಿಗೂ ಓಡಿ "ಮತ್ತೆ ಬಂತು" ಎಂದು ಕೂಗುತ್ತಿದ್ದಳು.

ಆದರೆ ಮೀನು ಇಡಿಯಾಗಿ ಕಾಣುವುದು ಅಪರೂಪ. ಕಿಟಕಿಗಳ ನಡುವೆ ದಪ್ಪ ಕಂಬಗಳಿವೆ. ತಲೆ ಒಂದು ಕಿಟಕಿಯಲ್ಲಿದ್ದರೆ ಬಾಲ ಇನ್ನೊಂದರಲ್ಲಿ. ಜೊತೆಗೆ ಜನ. ನಾವು ಹೋದದ್ದು ಶನಿವಾರ, ಅದು ನನ್ನದೇ ತಪ್ಪು. ಮಕ್ಕಳ ಗಾಡಿಗಳ ಸಾಲಿನ ಹಿಂದೆ ನಿಂತು ಕತ್ತು ಚಾಚಬೇಕಾಯಿತು, ಕೂರಲು ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಸಮಯ ನಮೂದಿಸಿದ ಟಿಕೆಟನ್ನು ಮೊದಲೇ ಮೊಬೈಲಿನಲ್ಲಿ ತೆಗೆದುಕೊಂಡು, ವಾರದ ನಡುವೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದು ಸರಿ.

ಚಿಲಿ ದೇಶದ ಕರಾವಳಿಯ ತೊಟ್ಟಿಯ ಮುಂದೆ ಆಯಿ ಗಕ್ಕನೆ ನಿಂತಳು. ಬೆಳ್ಳಿಯ ಬಣ್ಣದ ಸಣ್ಣ ಮೀನುಗಳು ಹಿಂಡು ಹಿಂಡಾಗಿ ಸುತ್ತುತ್ತಿದ್ದವು. "ಇದು ನಮ್ಮ ತಾರ್ಲೆಯ ಜಾತಿಯಲ್ಲವೇನೆ? ಇಷ್ಟು ತಾಜಾ ಇರುವುದನ್ನು ಸುಮ್ಮನೆ ಸುತ್ತಲು ಬಿಟ್ಟಿದ್ದಾರಲ್ಲ!" ನಾನು ನಾಚಿಕೆಯಿಂದ ಅತ್ತಿತ್ತ ನೋಡಿದೆ. ಪಕ್ಕದಲ್ಲಿ ಆಯಿಯ ವಯಸ್ಸಿನದೇ ಜಪಾನಿ ಅಜ್ಜಿಯೊಬ್ಬರು ಗಾಜಿಗೆ ಮೂಗು ತಾಗಿಸಿ "ಓಯಿಶಿಸೋ" ಎಂದರು. ರುಚಿಯಾಗಿರಬೇಕು ಎಂದರ್ಥ. ಆ ದೇಶದಲ್ಲಿ ಮತ್ಸ್ಯಾಲಯದಲ್ಲಿ ಈ ಮಾತು ಆಡುವುದು ಯಾರಿಗೂ ವಿಚಿತ್ರವಲ್ಲವಂತೆ. ನಾನು ಅನುವಾದಿಸಿ ಹೇಳಿದಾಗ ಆಯಿಗೆ ಜಪಾನಿನ ಮೇಲೆ ಒಮ್ಮೆಲೇ ಗೌರವ ಹೆಚ್ಚಿತು.

ಕೊನೆಯಲ್ಲಿ ತೊರಕೆ ಮೀನು ಮತ್ತು ಸಣ್ಣ ಶಾರ್ಕ್‌ಗಳನ್ನು ಕೈಯಿಂದ ಮುಟ್ಟಿ ನೋಡುವ ತಗ್ಗು ಕೊಳವಿದೆ. ತೊರಕೆಯ ಬೆನ್ನು ನೆನೆದ ಅಣಬೆಯಂತೆ ಜಾರುತ್ತಿತ್ತು. ಶಾರ್ಕಿನದು ಮರಕ್ಕೆ ಉಜ್ಜುವ ಸ್ಯಾಂಡ್‌ಪೇಪರಿನಂತೆ ಒರಟು. ಮಗಳಿಗೆ ಇಡೀ ಪ್ರವಾಸದಲ್ಲಿ ನೆನಪುಳಿದ ಮೊದಲ ಮೂರರಲ್ಲಿ ಇದೂ ಒಂದು.

ಹೊರಗೆ ಬಂದರೆ ಪಕ್ಕದಲ್ಲೇ 112.5 ಮೀಟರ್ ಎತ್ತರದ ತೆಂಪೋಜಾನ್ ಜಯಂಟ್ ವೀಲ್. ಒಂದು ಸುತ್ತಿಗೆ ಹದಿನೈದು ನಿಮಿಷ. ಬಂದರು ಚೆನ್ನಾಗಿ ಕಾಣುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ತೆಂಪೋಜಾನ್ ಬೆಟ್ಟ. ಎತ್ತರ 4.53 ಮೀಟರ್! ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ಹೂಳೆತ್ತಿ ಸುರಿದ ಮಣ್ಣಿನ ಗುಡ್ಡೆಯಷ್ಟೇ. ಬಹುಕಾಲ ಇದು ಜಪಾನಿನ ಅತಿ ಗಿಡ್ಡ ಬೆಟ್ಟ ಎಂದು ಮೆರೆಯಿತು. 2011ರ ಸುನಾಮಿಯಲ್ಲಿ ಸೆಂಡೈ ಊರಿನ ಹಿಯೋರಿಯಾಮಾ ಬೆಟ್ಟ ಕೊಚ್ಚಿಹೋಗಿ ಮೂರು ಮೀಟರಿಗೆ ಇಳಿದ ಮೇಲೆ, 2014ರಲ್ಲಿ ಆ ಪಟ್ಟ ಅದರ ಪಾಲಾಯಿತು. ಆಯಿ ಶಿಖರವೇರಿ "ಇನ್ನು ಯಾಣದ ಹೆಬ್ಬಂಡೆಯೂ ಹತ್ತುತ್ತೇನೆ" ಎಂದಳು.

ಓಕಿನಾವಾದ ಕತೆ ಬೇರೆ. ಅಲ್ಲಿಗೆ ವಿಮಾನ ಬೇಕು. ನಾಹಾದಲ್ಲಿ ಇಳಿದ ಮೇಲೂ ಮತ್ಸ್ಯಾಲಯ ದ್ವೀಪದ ಉತ್ತರಕ್ಕೆ, ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಮೊತೊಬುದಲ್ಲಿದೆ. ನನಗೆ ಎಡಬದಿಯ ರಸ್ತೆಯ ಅಭ್ಯಾಸವಿದ್ದರೂ ಪರದೇಶದಲ್ಲಿ ಕಾರು ಓಡಿಸುವ ಧೈರ್ಯವಿಲ್ಲ. ಒಂದು ದಿನದ ಪ್ರವಾಸಿ ಬಸ್ ಹಿಡಿದೆವು. ಅನಾನಸ್ ತೋಟ, ಒಂದು ಸೇತುವೆ, ಊಟ, ಅಂಗಡಿ, ಇವೆಲ್ಲದರ ನಡುವೆ ಮತ್ಸ್ಯಾಲಯಕ್ಕೆ ಅವರು ಕೊಟ್ಟ ಸಮಯ ತೊಂಬತ್ತು ನಿಮಿಷ. ಶಾರ್ಕಿಗೆ ಮೇವು ಹಾಕುವುದು ಮೂರು ಗಂಟೆಗೆ. ನಮ್ಮ ಬಸ್ ಹನ್ನೆರಡೂವರೆಗೆ ಹಾರ್ನ್ ಹೊಡೆಯಿತು. ಎರಡು ಗಂಟೆ ಪ್ರಯಾಣ ಮಾಡಿ ಬಂದು, ಮುಖ್ಯ ವೇಷ ರಂಗಕ್ಕೆ ಬರುವ ಮುಂಚೆಯೇ ಎದ್ದು ಹೋಗುವುದೆಂದರೇನು? ಆ ರಾತ್ರಿ ಹೋಟೆಲಿನಲ್ಲಿ ಮೂವರೂ ಸೇರಿ ಮರುದಿನದ ಶುರಿ ಕೋಟೆಯನ್ನು ಕೈಬಿಟ್ಟೆವು. ಅದರ ಮುಖ್ಯ ಮಂದಿರ 2019ರ ಅಕ್ಟೋಬರಿನಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟುವ ಕೆಲಸ ನಡೆದಿತ್ತು. ಕೋಟೆ ಕಾಯಲಿ ಎಂದುಕೊಂಡು ಬೆಳಿಗ್ಗೆ ಸಾರ್ವಜನಿಕ ಬಸ್ ಹತ್ತಿ ಮತ್ತೆ ಮೊತೊಬುವಿಗೆ ಹೋದೆವು. ಇದು ನಾನು ಈ ಪ್ರವಾಸದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಬದಲಾವಣೆ.

ಚುರಾಉಮಿ ಎಂದರೆ ಓಕಿನಾವಾದ ಭಾಷೆಯಲ್ಲಿ ಚೆಲುವಾದ ಕಡಲು. 1975ರ ಸಾಗರ ಮೇಳ ನಡೆದ ಜಾಗದಲ್ಲಿ 2002ರಲ್ಲಿ ಈಗಿನ ಕಟ್ಟಡ ತೆರೆಯಿತು. ಇದನ್ನೂ ಮೇಲಿನಿಂದ ಕೆಳಕ್ಕೆ ನೋಡುವುದೇ. ಹವಳದ ತೊಟ್ಟಿಗೆ ಮೇಲಿನಿಂದ ನಿಜವಾದ ಬಿಸಿಲು ಬೀಳುತ್ತದೆ. ನೀರಿನ ತುಂಬ ಬಿಸಿಲ ಕೋಲುಗಳು ಅಲ್ಲಾಡುತ್ತವೆ. ಉಳಿದ ಸಣ್ಣ ತೊಟ್ಟಿಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಒಸಾಕಾದಲ್ಲಿ ಅವೇ ಚೆನ್ನಾಗಿವೆ. ಆಮೇಲೆ ಒಂದು ತಿರುವು ದಾಟಿದರೆ ಕುರೋಶಿಯೋ ತೊಟ್ಟಿ.

ಕತ್ತಲ ಸಭಾಂಗಣ. ಎದುರಿಗೆ ಕಂಬವಿಲ್ಲದ, ಅಡ್ಡಗೆರೆಯಿಲ್ಲದ ಒಂದೇ ನೀಲಿ ಗೋಡೆ: 22.5 ಮೀಟರ್ ಅಗಲ, 8.2 ಮೀಟರ್ ಎತ್ತರ. ಅದು ಗಾಜಲ್ಲ, ಅರವತ್ತು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್. ಒಸಾಕಾದ್ದು ಮೂವತ್ತು. ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿವೆ. ಆಯಿ ಚಪ್ಪಲಿ ಕಳಚಿ, ಯಕ್ಷಗಾನಕ್ಕೆ ಕೂರುವಂತೆ ಕೂತಳು. ಏಳು ಸಾವಿರದ ಐನೂರು ಟನ್ ನೀರಿನ ಒಳಗಿಂದ ಶಾರ್ಕ್ ಬರುವ ರೀತಿಯೂ ಹಾಗೆಯೇ ಇತ್ತು. ಮೊದಲು ದೂರದಲ್ಲಿ ಒಂದು ಮಬ್ಬು, ಆಮೇಲೆ ಚಪ್ಪಟೆ ಮೂತಿ, ಆಮೇಲೆ ಬರುತ್ತಲೇ ಇರುವ ಮೈ, ಎಷ್ಟೋ ಹೊತ್ತಿನ ಮೇಲೆ ಬಾಲ. ಚಂಡೆಯೊಂದು ಇರಲಿಲ್ಲ.

ಇಲ್ಲಿನ ಹಿರಿಯನ ಹೆಸರು ಜಿಂತಾ. 1995ರಲ್ಲಿ ಬಂದವನು, 8.8 ಮೀಟರ್ ಉದ್ದ. ತೊಟ್ಟಿಯ ಆಳ ಹತ್ತು ಮೀಟರ್. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಮೂರು ಗಂಟೆಗೆ ಮೇಲಿನಿಂದ ಮೇವು ಬಿತ್ತು. ಜಿಂತಾ ನಿಧಾನವಾಗಿ ನೆಟ್ಟಗಾದ. ತಲೆ ಮೇಲಕ್ಕೆ, ಬಾಲ ತಳದತ್ತ, ದೀಪಸ್ತಂಭದ ಹಾಗೆ. ಬಾಯಿ ತೆರೆದು ನೀರನ್ನು ಬಕೆಟ್‌ಗಟ್ಟಲೆ ಎಳೆದುಕೊಂಡ, ಕಿವಿರಿನ ಸೀಳುಗಳು ಬಾಗಿಲ ಪರದೆಗಳಂತೆ ಹಾರಾಡಿದವು. ಬಾಲಕ್ಕೂ ನೆಲಕ್ಕೂ ನಡುವೆ ಉಳಿದದ್ದು ತೀರ ಕಡಿಮೆ. ಸಭಾಂಗಣದ ಜನರೆಲ್ಲ ಒಟ್ಟಿಗೆ ಉಸಿರೆಳೆದರು. ಆಯಿ ಮಾತ್ರ ಸ್ವಲ್ಪ ಹೊತ್ತಿನ ಮೇಲೆ "ಇವನಿಗೆ ಮನೆ ಸಣ್ಣದಾಯಿತು" ಎಂದಳು. ನನಗೂ ಆ ಕ್ಷಣ ಹಾಗೆಯೇ ಅನ್ನಿಸಿತ್ತು. ನಮ್ಮ ದೇಶದಲ್ಲಿ 2001ರಿಂದ ಈ ಮೀನಿಗೆ ಹುಲಿಯಷ್ಟೇ ಕಾನೂನಿನ ರಕ್ಷಣೆ ಇದೆ. ಬಲೆಗೆ ಬಿದ್ದರೆ ಬಿಡಬೇಕು. ಒಸಾಕಾದವರು ತಮ್ಮ ಶಾರ್ಕ್‌ಗಳಿಗೆ ಗುರುತುಯಂತ್ರ ಕಟ್ಟಿ ಮತ್ತೆ ಕಡಲಿಗೆ ಬಿಟ್ಟದ್ದುಂಟು. ಆ ಒಂದು ವಿಷಯದಲ್ಲಿ ನನ್ನ ಮತ ಒಸಾಕಾಕ್ಕೆ.

ನೋಟದ ವಿಷಯದಲ್ಲಾದರೆ ಓಕಿನಾವಾದ ಎದುರು ಒಸಾಕಾ ನಿಲ್ಲುವುದಿಲ್ಲ. ಒಸಾಕಾದಲ್ಲಿ ಮೀನು ಧಾರಾವಾಹಿ. ಇಲ್ಲಿ ಇಡೀ ರಾತ್ರಿಯ ಆಟ. ಪ್ರವೇಶ ದರವೂ ಕಡಿಮೆ, 2,180 ಯೆನ್. ಸಂಜೆ ನಾಲ್ಕರ ಮೇಲೆ ಹೋದರೆ ಇನ್ನೂ ಕಡಿಮೆ. ಹೊರಗಿನ ಡಾಲ್ಫಿನ್ ಪ್ರದರ್ಶನಕ್ಕೆ ದುಡ್ಡಿಲ್ಲ. ನಾನು ಐದು ನಿಮಿಷಗಳಿಗೇ ಎದ್ದು ಬಂದೆ, ಜಿಂತಾನ ಬಾಲ ಕಣ್ಣಿನಿಂದ ಹೋಗಿರಲಿಲ್ಲ.

ಬದಲಿಗೆ ಹದಿನೈದು ನಿಮಿಷ ನಡೆದು ಬಿಸೆ ಎಂಬ ಹಳ್ಳಿಗೆ ಹೋದೆವು. ಚಂಡಮಾರುತ ತಡೆಯಲು ಮನೆಗಳ ಸುತ್ತ ನೆಟ್ಟ ಫುಕುಗಿ ಮರಗಳ ಒತ್ತಾದ ಸಾಲು, ನಡುವೆ ಬಿಳಿ ಮರಳಿನ ಓಣಿ, ತುದಿಯಲ್ಲಿ ಕಡಲು. ಆಯಿ ಬಿದ್ದಿದ್ದ ದಪ್ಪ ಎಲೆಯೊಂದನ್ನು ಎತ್ತಿ ತಿರುಗಿಸಿ ನೋಡಿ, "ಇದು ಮುರುಗಲಿನ ಬಳಗ" ಎಂದಳು. ಹೋಟೆಲಿಗೆ ಬಂದು ಹುಡುಕಿದರೆ ಅವಳು ಹೇಳಿದ್ದೇ ಸರಿ, ಎರಡೂ ಗಾರ್ಸಿನಿಯಾ ಕುಲದವು.

ಕ್ಯೋಟೋದ ಮತ್ಸ್ಯಾಲಯ ನಮ್ಮ ಯೋಜನೆಯಲ್ಲೇ ಇರಲಿಲ್ಲ. ದೇವಸ್ಥಾನಗಳಿಗೆಂದು ಇಟ್ಟಿದ್ದ ದಿನ ಮಳೆ ಹಿಡಿಯಿತು. ರೈಲು ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಉಮೆಕೋಜಿ ಉದ್ಯಾನದಲ್ಲಿ 2012ರಲ್ಲಿ ತೆರೆದ ಸಣ್ಣ ಮತ್ಸ್ಯಾಲಯ, 2,400 ಯೆನ್. ಕಡಲೇ ಇಲ್ಲದ ಊರಿನಲ್ಲಿ ಮತ್ಸ್ಯಾಲಯ. ಉಪ್ಪುನೀರನ್ನು ಅಲ್ಲೇ ಬೆರೆಸಿ ತಯಾರಿಸುತ್ತಾರೆ. ದೊಡ್ಡ ತೊಟ್ಟಿಯೆಂದರೂ 500 ಟನ್. ತಿಮಿಂಗಿಲ ಶಾರ್ಕ್ ಇಲ್ಲ.

ಆದರೆ ಬಾಗಿಲ ಹತ್ತಿರವೇ ಜಪಾನಿನ ದೈತ್ಯ ಸ್ಯಾಲಮಾಂಡರ್‌ಗಳಿವೆ. ಕಾಮೋ ನದಿಯಲ್ಲಿ ಇರುವಂಥ ಉಭಯಚರಗಳು, ಒಂದು ಮೀಟರಿಗೂ ಮೀರಿ ಬೆಳೆಯುತ್ತವೆ. ಮೊದಲ ನೋಟಕ್ಕೆ ತೊಟ್ಟಿ ಖಾಲಿ ಎನ್ನಿಸಿತು. ಮೂಲೆಯಲ್ಲಿ ಕಂದು ಕಲ್ಲುಗಳ ರಾಶಿ ಮಾತ್ರ. ಐದು ನಿಮಿಷ ನಿಂತ ಮೇಲೆ ಒಂದು ಕಲ್ಲಿಗೆ ಸಾಸಿವೆ ಕಾಳಿನಷ್ಟು ಕಣ್ಣು ಕಾಣಿಸಿತು. ಆಮೇಲೆ ಮಗುವಿನ ಕೈಯಂಥ ಪುಟ್ಟ ಬೆರಳುಗಳು. ಒಂದರ ಮೇಲೊಂದು ಬಿದ್ದುಕೊಂಡು, ಮದುವೆಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ನೆಂಟರು ಮಲಗಿದಂತೆ ಮಲಗಿದ್ದವು. ಒಂದು ಮಾತ್ರ ಎದ್ದು, ಮೇಲೆ ಬಂದು, ಒಂದು ಗುಟುಕು ಗಾಳಿ ಕುಡಿದು ಮತ್ತೆ ಕಲ್ಲಾಯಿತು. ನಾನು ಅಲ್ಲಿ ನಲವತ್ತು ನಿಮಿಷ ನಿಂತಿದ್ದೆ ಎಂದು ಮಗಳು ದೂರಿದಳು.

ಅವಳು ನಿಂತದ್ದು ಪೆಂಗ್ವಿನ್‌ಗಳ ಸಂಬಂಧದ ನಕ್ಷೆಯ ಮುಂದೆ. ಅಲ್ಲಿನ ಸಿಬ್ಬಂದಿ ಪ್ರತಿ ಪೆಂಗ್ವಿನ್ನಿನ ಚಿತ್ರ ಹಾಕಿ, ಯಾರು ಯಾರ ಜೋಡಿ, ಯಾರು ಯಾರನ್ನು ಬಿಟ್ಟರು, ಯಾರಿಗೆ ಯಾರ ಮೇಲೆ ಒಂದೇ ಕಡೆಯ ಪ್ರೀತಿ ಎಂದು ಬಾಣ ಎಳೆದು ತೋರಿಸುತ್ತಾರೆ. ಯಾವ ಧಾರಾವಾಹಿಯಲ್ಲೂ ಇಷ್ಟು ತಿರುವುಗಳಿಲ್ಲ.

ಮಳೆ ನಿಲ್ಲಲಿಲ್ಲವಾದ್ದರಿಂದ ಪಕ್ಕದ ರೈಲ್ವೆ ವಸ್ತುಸಂಗ್ರಹಾಲಯಕ್ಕೂ ನುಗ್ಗಿದೆವು. ಉಗಿ ಎಂಜಿನ್ ಇಷ್ಟಪಡುವವರಿಗೆ ಅರ್ಧ ದಿನ ಸಾಲದು. ಮಧ್ಯಾಹ್ನ ಬಂಗಡೆಯ ಸುಶಿ. ಹಿಂದೆ ವಾಕಾಸಾ ಕರಾವಳಿಯಲ್ಲಿ ಹಿಡಿದ ಬಂಗಡೆಗೆ ಉಪ್ಪು ಹಾಕಿ, ಸುಮಾರು ಎಪ್ಪತ್ತು ಕಿಲೋಮೀಟರ್ ಬೆಟ್ಟದ ದಾರಿಯಲ್ಲಿ ಹೊತ್ತು ಕ್ಯೋಟೋಗೆ ತರುತ್ತಿದ್ದರಂತೆ. ಆ ದಾರಿಗೆ ಬಂಗಡೆ ರಸ್ತೆ ಎಂದೇ ಹೆಸರು. ಆಯಿ ತನ್ನ ಅಜ್ಜಿಯ ಕಾಲದಲ್ಲಿ ಒಣಮೀನಿನ ಬುಟ್ಟಿಗಳು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತಿದ್ದುದನ್ನು ಹೇಳುತ್ತ ಆರು ತುಂಡು ತಿಂದಳು.

ಇನ್ನು ನೀವು ಎಲ್ಲಿಗೆ ಹೋಗಬೇಕು? ಮತ್ಸ್ಯಾಲಯಕ್ಕೆಂದೇ ಓಕಿನಾವಾಕ್ಕೆ ವಿಮಾನ ಹತ್ತಬೇಡಿ. ಬೇರೆ ಕಾರಣಕ್ಕೆ ಹೋಗುವುದಿದ್ದರೆ ಮೊತೊಬುವಿಗೆ ಒಂದು ಇಡೀ ದಿನ ಕೊಡಿ, ಪ್ರವಾಸಿ ಬಸ್ಸಿಗೆ ಕೊಡಬೇಡಿ, ಮೂರು ಗಂಟೆಗೆ ಮುಂಚೆಯೇ ಆಸನ ಹಿಡಿಯಿರಿ. ಮೊದಲ ಸಲ ಜಪಾನಿಗೆ ಹೋಗುವವರಿಗೆ, ಅದರಲ್ಲೂ ಮಕ್ಕಳಿದ್ದರೆ, ಒಸಾಕಾವೇ ಸರಿ. ದಾರಿಯಲ್ಲೇ ಇದೆ, ಮುಟ್ಟಲು ಮೀನಿದೆ, ಹತ್ತಲು ಬೆಟ್ಟವಿದೆ. ನಾನು ಮತ್ತೊಮ್ಮೆ ಹೋದರೆ ಮಾತ್ರ ಆ ಕಲ್ಲುಗಳ ಹತ್ತಿರ ಹೋಗುತ್ತೇನೆ.

ಮಗಳು ಊರಿಗೆ ಬಂದವಳೇ ಪೆಂಗ್ವಿನ್ ನಕ್ಷೆಯ ಮಾದರಿಯಲ್ಲಿ ಕುಮಟಾದ ನಮ್ಮ ನೆಂಟರ ನಕ್ಷೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬುದಕ್ಕೆ ಕೆಂಪು ಬಾಣ. ಆಯಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪೆನ್ನು ಕೇಳಿ ಪಡೆದು, ಎರಡು ಬಾಣ ತಿದ್ದಿ, ಮೂರು ಹೊಸದು ಎಳೆದಳು.