ಆಕ್ಸಿಡೆಂಟ್ ಕೇಸಿನ ವಕೀಲರ ಆಫೀಸು: ಗುಮಾಸ್ತರಿಗೆ ಐದು ಸ್ಟಾರ್, ಸಾಹೇಬರಿಗೆ ಎರಡು

ಮೊದಲ ದೂರು ಮೆಟ್ಟಿಲಿನದು. ಕೈಕಾಲು ಮುರಿದವರ ಕೇಸನ್ನೇ ನಡೆಸುವ ಆಫೀಸು ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ವಾಕರ್ ಹಿಡಿದು ಹತ್ತಿ ನೋಡಿ, ಗೊತ್ತಾಗುತ್ತದೆ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಅಲ್ಲಿನ ಗುಮಾಸ್ತರಿಗೆ ತೊಂದರೆ ಆಗಬಾರದು.

ನಾನು ಪೀಣ್ಯದಲ್ಲಿ ಕೆಲಸ ಮಾಡುವವನು. ಬೆಳಗಿನ ಶಿಫ್ಟಿಗೆ ಬೈಕಿನಲ್ಲಿ ಹೋಗುತ್ತಿದ್ದಾಗ ಟೆಂಪೋ ಗುದ್ದಿತು, ಬಲಗಾಲಿಗೆ ಆಪರೇಷನ್ ಮಾಡಿ ರಾಡ್ ಹಾಕಿದರು. ಇನ್ನೂ ವಾರ್ಡಿನಲ್ಲಿ ಮಲಗಿರುವಾಗಲೇ ಯಾರೋ ಬ್ರೋಕರ್ ವಕಾಲತ್ತಿಗೆ ಸಹಿ ಹಾಕಿ ಅಂತ ಬಂದಿದ್ದ. ಕಳಿಸಿಬಿಟ್ಟೆ. ಆಮೇಲೆ ಗೆಳೆಯನ ಮಾತು ಕೇಳಿ ಇಲ್ಲಿಗೆ ಬಂದೆ.

ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ, "ಇಎಸ್‌ಐ ಕಾರ್ಡ್ ಇದೆಯಾ ಸಾರ್?" ಅಂದರೆ ಕಾರ್ಮಿಕರಿಗಿರುವ ಸರ್ಕಾರಿ ವಿಮೆ. ಕಾರ್ಡ್ ಇದೆ, ಆದರೆ ಫ್ಯಾಕ್ಟರಿ ಗೇಟಿನ ಹೊರಗೆ ಆಗಿದ್ದಕ್ಕೆ ಬರಲ್ಲ ಅಂತ ಎಚ್‌ಆರ್ ಹೇಳಿದ್ದಾರೆ ಅಂದೆ. ಅವರು ನಕ್ಕರು. ಮನೆಯಿಂದ ಕೆಲಸಕ್ಕೆ ಹೋಗುವಾಗ, ವಾಪಸ್ ಬರುವಾಗ ಆದ ಅಪಘಾತವೂ ಕೆಲಸಕ್ಕೆ ಸಂಬಂಧಪಟ್ಟಿದ್ದು ಅಂತ 2010ರಲ್ಲೇ ಆ ವಿಮೆಯ ಕಾಯ್ದೆ ತಿದ್ದಿದ್ದಾರಂತೆ, ಹೊತ್ತು ಮತ್ತು ದಾರಿ ತಾಳೆಯಾದರೆ ಸಾಕು. ಅವರೇ ಪತ್ರ ಬರೆದುಕೊಟ್ಟರು, ಎಚ್‌ಆರ್ ತೆಪ್ಪಗೆ ಆಕ್ಸಿಡೆಂಟ್ ರಿಪೋರ್ಟ್ ಕಳಿಸಿದರು, ಮನೆಯಲ್ಲಿ ಕೂತಿದ್ದಷ್ಟು ದಿನ ದಿನಗೂಲಿಯ ಶೇ. 90ರಷ್ಟು ಬಂತು. ಟೆಂಪೋ ಬೇರೆಯವರದ್ದಾದ್ದರಿಂದ ಅದರ ಇನ್ಶೂರೆನ್ಸ್ ಮೇಲೆ ಹಾಕುವ ಕೇಸಿಗೆ ಇದು ಅಡ್ಡಿಯಾಗಲಿಲ್ಲ. ಇದೊಂದು ಮಾತಿಗೇ ಅವರಿಗೆ ಐದು ಸ್ಟಾರ್.

ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಎಲ್ಲದರ ನಕಲನ್ನೂ ಸ್ಟೇಷನ್‌ಗೆ ಅಲೆದು ತಂದವರೂ ಅವರೇ. 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರದ ಕೇಸು ಹಾಕಲು ಅಪಘಾತ ಆದಾಗಿನಿಂದ ಆರು ತಿಂಗಳ ಗಡುವು ಬಂದಿದೆ, ನಾನು ನಿಧಾನಕ್ಕೆ ಹಾಕೋಣ ಬಿಡಿ ಅಂತಿದ್ದೆ. ಸರಿಯಾಗಿ ಬೈದರು.

ಇನ್ನು ವಕೀಲರು. ಫೋನ್ ಎತ್ತಲ್ಲ. ವಾಯಿದೆ ಮೇಲೆ ವಾಯಿದೆ, ಕೇಳಿದರೆ "ಆಗುತ್ತೆ ಕಣ್ರೀ". ಡಾಕ್ಟರು ಕಾಲಿಗೆ ಶೇ. 30 ಊನ ಅಂತ ಬರೆದಿದ್ದರು. ಇನ್ಶೂರೆನ್ಸ್ ಕಡೆಯವರು ಇಡೀ ದೇಹಕ್ಕೆ ಲೆಕ್ಕ ಹಾಕಿದರೆ 10 ಅಂದರು. ದಿನಾ ಎಂಟು ಗಂಟೆ ನಿಂತು ಮಷಿನ್ ಓಡಿಸುವವನಿಗೂ ಕೂತು ಕೆಲಸ ಮಾಡುವವರಿಗೂ ಒಂದೇ 10 ಹೇಗಾಗುತ್ತೆ? ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ. ನಮ್ಮ ಸಾಹೇಬರು ಅದನ್ನು ಹಿಡಿದು ಜಗ್ಗಾಡಲೇ ಇಲ್ಲ. ಲೋಕ ಅದಾಲತ್‌ನಲ್ಲಿ 4.20 ಲಕ್ಷಕ್ಕೆ ರಾಜಿ ಮಾಡಿಸಿ ಮುಗಿಸಿದರು. ಅಲ್ಲಿ ಒಪ್ಪಿಕೊಂಡ ಮೇಲೆ ಅಪೀಲು ಇಲ್ಲ ಅನ್ನೋದನ್ನು ಹೇಳಿದ್ದು ಸಹಿ ಆದ ಮೇಲೆ!

ಫೀಸು ಬಂದ ದುಡ್ಡಿನಲ್ಲಿ ಶೇ. 15 ಅಂದರು, ಅಂದರೆ 63,000. ಗೆದ್ದ ಹಣದಲ್ಲಿ ಪಾಲು ಕೇಳುವಂತಿಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಮೆಲ್ಲಗೆ ಹೇಳಿದೆ. ಮುಖ ಗಂಟಿಕ್ಕಿದರು, ಕೊನೆಗೆ 40,000ಕ್ಕೆ ರಸೀದಿ ಬರೆದರು. ನೀವು ಹೋಗುವುದಾದರೆ ಫೀಸು ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.

ದುಡ್ಡು ಬಂದ ದಿನ ಗುಮಾಸ್ತರಿಗೆ ಮೈಸೂರು ಪಾಕ್ ತಗೊಂಡು ಹೋದೆ. ಮೇಲೆ ಹತ್ತಬೇಡಿ ಅಂತ ಅವರೇ ಇಳಿದು ಬಂದು ಇಸ್ಕೊಂಡರು.