ಮುಳಶಿಯ ನಾಲ್ಕು ಎಕರೆ: ಸಂಚಕಾರ ಕೊಡುವ ಮುನ್ನ ಇದನ್ನು ಓದಿ

ಪುಣೆಯ ಪಶ್ಚಿಮಕ್ಕೆ, ಮುಳಶಿ ತಾಲ್ಲೂಕಿನಲ್ಲಿ ‘ಹಿರಿಯರ ವಸತಿಗೆ ಹೇಳಿ ಮಾಡಿಸಿದ ನಾಲ್ಕು ಎಕರೆ’ ಎಂಬ ಸಂದೇಶ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಅದೇ ಜಮೀನಿಗೆ ಕಳೆದ ವರ್ಷ ಸಂಚಕಾರ ಕೊಟ್ಟು ಇಂದಿಗೂ ಅಲೆಯುತ್ತಿರುವವರಲ್ಲಿ ನಾನೂ ಒಬ್ಬ.

ನಾವೆಲ್ಲ ನಿವೃತ್ತರು. ಒಂದೇ ಆವರಣದಲ್ಲಿ ಸಣ್ಣ ಮನೆಗಳು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ರಾತ್ರಿ ಹೊತ್ತು ಒಬ್ಬ ನರ್ಸ್, ಇಷ್ಟೇ ನಮ್ಮ ಯೋಜನೆ. ದಲ್ಲಾಳಿ ಅಕ್ಕಲಕೋಟೆ ಕಡೆಯವನು. “ಕಾಕಾ, ನಮ್ಮವರಿಗೇ ಮೋಸ ಮಾಡಿ ನಾನು ಯಾವ ಊರಿಗೆ ಹೋಗಲಿ?” ಎನ್ನುತ್ತಿದ್ದ. ಪರವೂರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಗುವ ಸಮಾಧಾನವೇ ಅವನ ಬಂಡವಾಳ.

ಅವನು ಕಳಿಸಿದ್ದು ಸಾತ್‌ಬಾರಾದ ಫೋಟೋ. ನಮ್ಮ ಪಹಣಿಯಂಥ ದಾಖಲೆ. ಗಟ್ ನಂಬರ್ (ನಮ್ಮ ಸರ್ವೆ ನಂಬರಿನಂಥದ್ದು), ವಿಸ್ತೀರ್ಣ, ಹೆಸರು ಎಲ್ಲವೂ ನಿಚ್ಚಳ. ಮೇಲಿನ ಒಂದು ಸಾಲು ಮತ್ತು ಬಲ ಅಂಚು ಮಾತ್ರ ಚೌಕಟ್ಟಿನಿಂದ ಆಚೆ. “ಇನ್ನೊಂದು ಪಾರ್ಟಿ ಕಾದು ಕೂತಿದೆ” ಎಂದು ಅವಸರಪಡಿಸಿ ಸಂಚಕಾರ ಪಡೆದ. ಬಳಿಕ ನಮ್ಮ ಖಜಾಂಚಿ ಮಹಾರಾಷ್ಟ್ರ ಸರ್ಕಾರದ ಭೂದಾಖಲೆಗಳ ಮಹಾಭೂಮಿ ಜಾಲತಾಣದಲ್ಲಿ 15 ರೂಪಾಯಿ ಕಟ್ಟಿ ಡಿಜಿಟಲ್ ಸಹಿಯ ಪ್ರತಿ ತೆಗೆಸಿದಾಗ ಮರೆಯಾಗಿದ್ದ ಸಾಲು ಹೊರಬಿತ್ತು: ‘ಭೋಗವಟಾದಾರ್ ವರ್ಗ-2’, ಅಂದರೆ ಮಾರಾಟಕ್ಕೆ ಸರ್ಕಾರದ ನಿರ್ಬಂಧವಿರುವ ಜಮೀನು. ಬಲಗಡೆಯ ‘ಇತರ ಅಧಿಕಾರ’ ಕಲಮಿನಲ್ಲಿ ಮಹಾರ್ ವತನದ ಉಲ್ಲೇಖ; ಊರ ಚಾಕರಿಗಾಗಿ ಮಹಾರ್ ಕುಟುಂಬಗಳಿಗೆ ಹಿಂದೆ ಬಿಟ್ಟುಕೊಟ್ಟ ಭೂಮಿ ಅದು.

1958ರ ಕಾಯ್ದೆಯಲ್ಲಿ ವತನ ರದ್ದಾಗಿ ಆ ಕುಟುಂಬಗಳಿಗೇ ಮರುಮಂಜೂರಾದ ಇಂಥ ಭೂಮಿಯನ್ನು ಕಲೆಕ್ಟರ್ ಅನುಮತಿಯಿಲ್ಲದೆ ಮಾರುವಂತಿಲ್ಲ. ಊರಲ್ಲಿ ಪಿಟಿಸಿಎಲ್ ಜಮೀನು (ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ, ಅನುಮತಿಯಿಲ್ಲದೆ ಮಾರಲಾಗದ ಭೂಮಿ) ಎಂದರೆ ಮಾರು ದೂರ ಸರಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. “ನಜರಾಣೆ ತುಂಬಿದರೆ ವರ್ಗ-1 ಆಗುತ್ತದೆ” ಎಂದ ದಲ್ಲಾಳಿ. ಸರ್ಕಾರಕ್ಕೆ ಶುಲ್ಕ ಕಟ್ಟಿದರೆ ನಿರ್ಬಂಧವಿಲ್ಲದ ಜಮೀನಾಗುತ್ತದೆ ಎಂದರ್ಥ. ಕೃಷಿಯೇತರ ಬಳಕೆಗೆ ಆ ನಜರಾಣೆ ಜಮೀನಿನ ಬೆಲೆಯ ಅರ್ಧದವರೆಗೂ ಹೋಗುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡ.

ಇನ್ನೊಂದು ತೊಡಕು ನಮ್ಮವರಿಗೇ ಹೆಚ್ಚು ಕಾಡುವಂಥದ್ದು. ಕರ್ನಾಟಕದಲ್ಲಿ 2020ರಿಂದ ರೈತರಲ್ಲದವರೂ ಹೊಲ ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಮು ಇನ್ನೂ ಜೀವಂತವಾಗಿದೆ: ರೈತನಲ್ಲದವನು ಕೃಷಿಭೂಮಿ ಕೊಳ್ಳಲು ಅನುಮತಿ ಬೇಕು. “ಟ್ರಸ್ಟ್ ಹೆಸರಲ್ಲಿ ಮಾಡೋಣ” ಎಂಬ ಸಲಹೆ ಬಂದರೆ ನಗಬಹುದು; ಟ್ರಸ್ಟ್ ಯಾವ ಹೊಲ ಉತ್ತಿದೆ?

ವರ್ಗ ಒಂದರ ಜಮೀನೇ ಸಿಕ್ಕಿತೆನ್ನಿ, ಹಳೆಯ ಫೇರ್‌ಫಾರ್‌ಗಳನ್ನೆಲ್ಲ (ಹಕ್ಕು ಬದಲಾವಣೆಯ ನಮೂದುಗಳು) ತೆಗೆಸಿ ಓದಿಸಿ. ಅಕ್ಕತಂಗಿಯರ ಪಾಲು ಅಲ್ಲೇ ಅಡಗಿರುತ್ತದೆ. ಮೂವತ್ತು ವರ್ಷದ ಸರ್ಚ್ ರಿಪೋರ್ಟ್ ನಿಮ್ಮ ವಕೀಲರದೇ ಆಗಿರಲಿ, ದಲ್ಲಾಳಿ ತಂದದ್ದು ಬೇಡ. ಝೋನ್ ದಾಖಲೆ, ಸರ್ಕಾರಿ ಮೋಜಣಿ ಇವೆಲ್ಲ ಇದ್ದದ್ದೇ. ದಾರಿಯನ್ನಂತೂ ನಕಾಶೆಯಲ್ಲೇ ನೋಡಿ. ನಾವು ಕಾರಿನಲ್ಲಿ ಹೋದ ಕೆಮ್ಮಣ್ಣಿನ ರಸ್ತೆ ನಕಾಶೆಯಲ್ಲಿ ಇರಲೇ ಇಲ್ಲ, ಅದು ಪಕ್ಕದವರ ಗದ್ದೆಯ ಬದು. ಆಂಬುಲೆನ್ಸ್ ಬರಬೇಕಾದ ಜಾಗಕ್ಕೆ ಇದು ಸಣ್ಣ ವಿಷಯವಲ್ಲ.

ನಮ್ಮ ಚೆಕ್ಕು ಹೋದದ್ದು ಮುಖತ್ಯಾರಪತ್ರ ಹಿಡಿದವನ ಖಾತೆಗೆ. ವತನದ ಮನೆಯ ಅಜ್ಜಿಗೆ ಜಮೀನು ಮಾರಾಟಕ್ಕಿದೆ ಎಂಬುದೇ ಗೊತ್ತಿರಲಿಲ್ಲ. ವಕೀಲರ ನೋಟಿಸಿಗೆ ಬಂದ ಉತ್ತರ: ‘ಹಿಂದೆ ಸರಿದವರು ಖರೀದಿದಾರರು, ಕರಾರಿನಂತೆ ಸಂಚಕಾರ ಮುಟ್ಟುಗೋಲು.’ ಅನುಮತಿ ಸಿಗದಿದ್ದರೆ ಹಣ ವಾಪಸ್ ಎಂಬ ಸಾಲನ್ನು ಕರಾರಿನಲ್ಲಿ ಬರೆಸದೆ ಯಾರೂ ಸಹಿ ಹಾಕಬೇಡಿ. ಆ ಸಂದೇಶ ನಿಮಗೂ ಬಂದರೆ ದಲ್ಲಾಳಿಯಿಂದ ಊರಿನ ಹೆಸರು ಮತ್ತು ಗಟ್ ನಂಬರ್ ಕೇಳಿಕೊಳ್ಳಿ, ಸಾತ್‌ಬಾರಾ ಉತಾರೆಯನ್ನು ನೀವೇ ತೆಗೆಸಿ.