ಸ್ಟೀರಿಯೋ ಮೈಕ್ರೋಸ್ಕೋಪಿಗೆ ಫ್ಲೋರೆಸೆನ್ಸ್ ಲೈಟ್ ತಗೊಳ್ಳೋರು ಹುಷಾರು

ಹಳೇ ಸ್ಟೀರಿಯೋ ಮೈಕ್ರೋಸ್ಕೋಪಿಗೆ ಆನ್‌ಲೈನಲ್ಲಿ ಸಿಗೋ ಅಗ್ಗದ ಫ್ಲೋರೆಸೆನ್ಸ್ ಅಟ್ಯಾಚ್‌ಮೆಂಟ್ (ಒಂದು ಬಣ್ಣದ ಬೆಳಕು ಬಿಟ್ಟಾಗ ವಸ್ತು ಬೇರೆ ಬಣ್ಣದಲ್ಲಿ ತಾನಾಗಿ ಹೊಳೆಯೋದನ್ನ ನೋಡೋ ಲೈಟು, ಫಿಲ್ಟರಿನ ಸೆಟ್ಟು) ಹಾಕ್ಸೋಣ ಅಂತಿರೋರು ದುಡ್ಡು ಕಳಿಸೋಕೆ ಮುಂಚೆ ಇದನ್ನ ಓದ್ಬಿಡಿ. ಶಿವಮೊಗ್ಗದ ನಮ್ಮ ಲ್ಯಾಬಿಗೆ ಹದಿನೆಂಟು ಸಾವಿರ ಕೊಟ್ಟು ತರಿಸಿದ ಡಬ್ಬೀಲಿ ಬಂದಿದ್ದು ಎರಡು ಎಲ್‌ಇಡಿ ಟಾರ್ಚು, ಫಿಲ್ಟರ್ ಅಂತ ಒಂದು ಹಳದಿ ಪ್ಲಾಸ್ಟಿಕ್ ತುಂಡು, ಅಷ್ಟೇ.

ನಮ್ಗೆ ಬೇಕಾಗಿದ್ದು ಮುಖ್ಯವಾಗಿ ಕಲ್ಲುಹೂವಿಗೆ (ಲೈಕೆನ್). ತೀರ್ಥಹಳ್ಳಿ ಆಗುಂಬೆ ಕಡೆ ಮರದ ತೊಗಟೆ ಮೇಲೆಲ್ಲಾ ಇರತ್ತಲ್ಲ, ಅದ್ರಲ್ಲಿ ಕೆಲವು ಜಾತೀಲಿ ಲೈಕೆಕ್ಸಾಂಥೋನ್ ಅನ್ನೋ ವಸ್ತು ಇರತ್ತೆ, 365 ನ್ಯಾನೋಮೀಟರ್ ತರಂಗಾಂತರದ ಯುವಿ ಬಿಟ್ರೆ ಹಳದಿಯಾಗಿ ಹೊಳೆಯತ್ತೆ, ಜಾತಿ ಗುರುತು ಹಿಡಿಯೋಕೆ ಒಳ್ಳೇ ಸುಳಿವು ಅದು. ಜೊತೆಗೆ ಹುಡುಗ್ರಿಗೆ ಜಿಎಫ್‌ಪಿ (ನೀಲಿ ಬೆಳಕಲ್ಲಿ ಹಸಿರಾಗಿ ಹೊಳೆಯೋ ಪ್ರೋಟೀನು; ಕೆಂಪಾಗಿ ಹೊಳೆಯೋದು ಆರ್‌ಎಫ್‌ಪಿ) ತೋರಿಸ್ಬೇಕಿತ್ತು. ಮಾರಿದವ್ರು ಫೋನಲ್ಲಿ "ಯುವಿ, ಜಿಎಫ್‌ಪಿ, ಆರ್‌ಎಫ್‌ಪಿ ಎಲ್ಲಾ ಇದೊಂದ್ರಲ್ಲೇ ಆಗತ್ತೆ ಮೇಡಂ" ಅಂತ ಹೇಳಿ, ಹೈಲೈಟರ್ ಪೆನ್ನಲ್ಲಿ ಗೀಚಿದ ಕಾಗದ ಝಗಮಗ ಅನ್ನೋ ವಿಡಿಯೋನೂ ಕಳಿಸಿದ್ರು. ಮಾರಾಯ್ರೆ, ಹೈಲೈಟರ್ ಇಂಕು ಯಾವ ನೀಲಿ ಲೈಟ್ ಬಿಟ್ರೂ ಹೊಳೆಯತ್ತೆ, ಅದನ್ನ ನೋಡಿ ಯಾರೂ ನಂಬ್ಬೇಡಿ.

ಇದ್ರಲ್ಲಿ ಲೈಟು ಅರ್ಧ ಕೆಲ್ಸ, ಇನ್ನರ್ಧ ಫಿಲ್ಟರು. ಸ್ಯಾಂಪಲ್ ತಾನಾಗಿ ಹೊಳೆಯೋ ಬೆಳಕು ತುಂಬಾ ಮಂಕು, ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ನೀಲಿ ಬೆಳಕು ತಟ್ಟಿ ವಾಪಸ್ ಬರ್ತಿರತ್ತೆ, ಅದನ್ನ ಪೂರ್ತಿ ತಡೀಲಿಲ್ಲ ಅಂದ್ರೆ ಏನೂ ಕಾಣಲ್ಲ. 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಎಲ್‌ಇಡಿಗೆ 500ರಿಂದ ಮೇಲಿನದನ್ನ ಮಾತ್ರ ಬಿಡೋ ಲಾಂಗ್‌ಪಾಸ್ ಫಿಲ್ಟರ್ ಬೇಕು. ಆರ್‌ಎಫ್‌ಪಿಗಂತೂ ಹಸಿರು ಲೈಟು, ಅದಕ್ಕೆ ಇನ್ನೊಂದು ಫಿಲ್ಟರು. ಎಲ್ಲಾ ಒಂದ್ರಲ್ಲೇ ಅನ್ನೋದು ಶುದ್ಧ ಸುಳ್ಳು.

ಅಡಿಕೆ ಸಸಿಯ ಎಲೆ ಇಟ್ಟು ನೋಡಿದ್ವಿ. ಸರಿಯಾದ ಸೆಟ್ಟಲ್ಲಿ ಎಲೆ ಗಾಢ ಕೆಂಪಾಗಿ ಕಾಣ್ಬೇಕು, ಯಾಕಂದ್ರೆ ಕ್ಲೋರೋಫಿಲ್ 680ರ ಸುತ್ತಮುತ್ತ ಕೆಂಪು ಬೆಳಕು ಬಿಡತ್ತೆ. ಇದ್ರಲ್ಲಿ ಎಲೆ ನೀಲಿ ಬೆರೆತ ಹಸಿರಾಗೇ ಇತ್ತು, ಎಲೆ ಮೇಲಿದ್ದ ನೀರಿನ ಹನೀಲಿ ಎಲ್‌ಇಡಿಯ ನೀಲಿ ಚುಕ್ಕಿ ನೇರ ಕಣ್ಣಿಗೆ ಹೊಡೀತಿತ್ತು. ಯುವಿ ಟಾರ್ಚ್ ಮೇಲೆ 365 ಅಂತ ಸ್ಟಿಕ್ಕರ್, ಪರಿಚಯದವ್ರ ಸ್ಪೆಕ್ಟ್ರೋಮೀಟರಲ್ಲಿ (ಬೆಳಕಿನ ತರಂಗಾಂತರ ಅಳೆಯೋ ಯಂತ್ರ) ಹಿಡಿದ್ರೆ 395! ಕಲ್ಲುಹೂವಿನ ಹಳದಿ ಎಲ್ಲಾ ಆ ನೇರಳೆ ಬೆಳಕಲ್ಲೇ ಮುಳುಗಿ ಹೋಯ್ತು. ವಾಪಸ್ ತಗೊಳ್ಳಿ ಅಂದ್ರೆ ಪ್ಯಾಕ್ ಒಡೆದಿದೀರಿ ಆಗಲ್ಲ ಅಂದ್ರು, ಆಮೇಲೆ ಫೋನೇ ಎತ್ತಲ್ಲ.

ನಂಗೆ ಜಾಸ್ತಿ ಸಿಟ್ಟು ಬಂದಿರೋದು ಕಣ್ಣಿನ ವಿಷ್ಯಕ್ಕೆ. ಯುವಿ, ಜೋರು ನೀಲಿ ಎರಡೂ ಕಣ್ಣಿಗೆ ಕೆಟ್ಟದ್ದು, ಒಳ್ಳೇ ಅಟ್ಯಾಚ್‌ಮೆಂಟ್ ಜೊತೆ ಪಕ್ಕದಿಂದ ನೋಡೋರಿಗೆ ಅಡ್ಡ ಇಡೋ ತಡೆ ಹಾಳೆ ಬರತ್ತೆ, ಇದ್ರಲ್ಲಿ ಕನ್ನಡಕಾನೂ ಇಲ್ಲ. ಇಂಥದ್ದನ್ನ ಕಾಲೇಜ್ ಹುಡುಗ್ರಿಗೆ ಅಂತ ಮಾರ್ತಿದಾರಲ್ಲ!

ತಗೊಳ್ಳೋದೇ ಆದ್ರೆ ಫಿಲ್ಟರಿನ ಗ್ರಾಫ್ ಕೇಳಿ, ಯಾವ ತರಂಗಾಂತರದಿಂದ ಬೆಳಕು ಬಿಡತ್ತೆ ಅಂತ ಬರವಣಿಗೇಲಿ ತಗೊಳ್ಳಿ. ನಿಮ್ಮ ಆಬ್ಜೆಕ್ಟಿವ್‌ನ (ಮೈಕ್ರೋಸ್ಕೋಪಿನ ಕೆಳಗಿನ ಲೆನ್ಸ್) ಹೊರಗಿನ ಅಳತೆಗೆ ಅಟ್ಯಾಚ್‌ಮೆಂಟಿನ ರಿಂಗ್ ಕೂರತ್ತಾ ಕೇಳಿ. ಡೆಮೋ ತೋರಿಸಿದ್ರೆ ಹೈಲೈಟರ್ ಬೇಡ, ತೊಳೆದ ಸ್ಟೀಲ್ ಚಮಚ ಇಡ್ಸಿ. ಸ್ಟೀಲ್ ತಾನಾಗಿ ಬೇರೆ ಬಣ್ಣದ ಬೆಳಕು ಬಿಡಲ್ಲ, ಬಿದ್ದ ನೀಲೀನೇ ವಾಪಸ್ ಕಳಿಸತ್ತೆ, ಹಂಗಾಗಿ ಫಿಲ್ಟರ್ ಸರಿ ಇದ್ರೆ ಚಮಚ ಹೆಚ್ಚುಕಮ್ಮಿ ಕಪ್ಪಾಗೇ ಕಾಣ್ಬೇಕು, ನೀಲಿ ಮಿಂಚಿದ್ರೆ ಆ ಸೆಟ್ ಬೇಡ ಅಂದ್ಬಿಡಿ.